ದಶಾಂಶದ ಆಚೆ

ಅಂಕೋಲೆಯ ಸಭಾಭವನದ ಗೋಡೆಗೆ ಬೆಳಕು ಬಿಟ್ಟರು.
ತಾಲೂಕಿನ ಸರಕಾರಿ ಹೈಸ್ಕೂಲುಗಳೆಲ್ಲ, ಮೇಲಿಂದ ಕೆಳಗೆ,
ಹಸಿರು, ಹಳದಿ, ಆಮೇಲೆ ಕೆಂಪು.
ಕೆಂಪಿನಲ್ಲಿ ಕೊನೆಯಿಂದ ಎರಡನೆಯದು ನಾವು.
ಯಾರೋ ಹಿಂದಿನಿಂದ ಫ್ಯಾನು ಜೋರು ಮಾಡಿದರು.

ಪೇಟೆ ಶಾಲೆ: ಬರೆದವರು ಹದಿಮೂರು, ಪಾಸು ಹದಿಮೂರು.
ನೂರಕ್ಕೆ ನೂರು. ಬೊಮ್ಮಯ್ಯ ಮಾಸ್ತರರಿಗೆ ಶಾಲು.
ನಮ್ಮ ದಂಡೆ ಶಾಲೆ: ಬರೆದವರು ಅರವತ್ತನಾಲ್ಕು, ಪಾಸು ನಲವತ್ತೊಂದು.
ಅರವತ್ತನಾಲ್ಕು ದಶಾಂಶ ಸೊನ್ನೆ ಆರು.

'ಎಪ್ಪತ್ತಕ್ಕಿಂತ ಕೆಳಗಿನವರು ಎದ್ದು ನಿಲ್ಲಿ' ಎಂದರು ಸಾಹೇಬರು.
ನಿಂತೆ. ಇಪ್ಪತ್ತೆರಡು ವರ್ಷ
ಮಕ್ಕಳನ್ನು ಹೀಗೇ ನಿಲ್ಲಿಸಿದ್ದೆನಲ್ಲ,
ಮೊಣಕಾಲಿಗೆ ಏನಾಗುತ್ತದೆಂದು ಈಗ ಗೊತ್ತಾಯಿತು.

'ಗಣಿತದಲ್ಲೇ ಇಪ್ಪತ್ತು ಹೋಗಿದೆ. ಗಣಿತ ಯಾರು?'
ನಾನೇ, ಸಾರ್. ತಾರಾಮತಿ ಆಗೇರ.
'ಪೇಟೆ ಶಾಲೆಯಲ್ಲೂ ಇದೇ ಪುಸ್ತಕ ತಾನೆ?'
ಇದೇ ಪುಸ್ತಕ, ಸಾರ್.
'ಮತ್ತೆ?'
ಮತ್ತೆ ಎಂಬುದಕ್ಕೆ ನನ್ನಲ್ಲಿ ಉತ್ತರವಿತ್ತು,
ಆ ಗೋಡೆಯಲ್ಲಿ ಅದಕ್ಕೊಂದು ಮನೆ ಗೀಚಿರಲಿಲ್ಲ.

ನಾನು ದಶಾಂಶದ ಆಚೆ ನಿಂತ
ಸೊನ್ನೆ ಆರು ಯಾರಿರಬಹುದೆಂದು ಹುಡುಕುತ್ತಿದ್ದೆ,
ಭಾಗಿಸಿದ ಮೇಲೂ ಉಳಿದ ಆ ಚೂರು ಮಗು.

ದತ್ತು ಹರಿಕಂತ್ರನೆ?
ರಾತ್ರಿ ಏಂಡಿ ಬಲೆ ಎಳೆದು ಬಂದು
ಮೂರನೇ ಬೆಂಚಿನಲ್ಲಿ ಕಣ್ಣು ತೆರೆದೇ ನಿದ್ದೆ ಹೋಗುವವ.
ಹಗ್ಗ ಕೊಯ್ದ ಬೆರಳು, ಪೆನ್ನು ಹಿಡಿದರೆ ಉರಿ.
ಬುಟ್ಟಿ ಬಂಗಡೆಗೆ ಎಷ್ಟು, ದೋಣಿ ಧಣಿಗೆ ಎಷ್ಟು ಪಾಲು,
ಅಪ್ಪನಿಗೆ ಎಷ್ಟು, ತನಗೆ ಎಷ್ಟು,
ನಾನು ಕಾಗದ ತೆಗೆಯುವುದರೊಳಗೆ ಬಾಯಲ್ಲೇ ಹೇಳುತ್ತಾನೆ.
ಹಲಗೆಯ ಮೇಲೆ ಎಕ್ಸ್ ಬರೆದರೆ
'ಅದು ಯಾವ ಮೀನು, ಅಕ್ಕೋರೆ?'

ಇಲ್ಲ, ಬುದವಂತಿ ಗೌಡಳೆ?
ಒಂಬತ್ತನೇತ್ತೆ ಮುಗಿಯುತ್ತಲೇ ಪೇಟೆ ಶಾಲೆ
ಟೀಸಿ ಕೊಟ್ಟು ಕಳಿಸಿದ ಐವರಲ್ಲಿ ಒಬ್ಬಳು.
'ದಂಡೆ ಶಾಲೆಗೆ ಸೇರಿಸಿ, ನಿಮಗೆ ಹತ್ತಿರ ಆಗ್ತದೆ' ಎಂದರಂತೆ.
ಹತ್ತಿರ ಆಗಲಿಲ್ಲ, ಮೂರು ಕಿಲೋಮೀಟರು ಹೆಚ್ಚಾಯಿತು.
ಕಳೆಯುವ ಲೆಕ್ಕ ನಾನೂ ಕಲಿಸುತ್ತೇನೆ:
ಹದಿನೆಂಟರಲ್ಲಿ ಐದು ಹೋದರೆ ನೂರಕ್ಕೆ ನೂರು.
ಆ ಐವರಲ್ಲಿ ಇಬ್ಬರು ಪಾಸು.
ಬುದವಂತಿಗೆ ಗಣಿತದಲ್ಲಿ ಮೂವತ್ತೈದು,
ಒಂದೂ ಹೆಚ್ಚಿಲ್ಲ.

ಚಹಾದ ಹೊತ್ತಿಗೆ ಬೊಮ್ಮಯ್ಯ ಮಾಸ್ತರರು ಪಕ್ಕಕ್ಕೆ ಬಂದರು,
ಶಾಲು ಮಡಿಚಿ ಕಂಕುಳಲ್ಲಿಟ್ಟುಕೊಂಡು.
'ಆ ಗೌಡ್ರ ಹುಡುಗಿ ಪಾಸಾದ್ಳಂತೆ.'
ಹೌದು ಅಂದೆ.
ಬಿಸ್ಕೀಟು ಅದ್ದಿದರು, ಮುರಿದು ಕಪ್ಪಿನೊಳಗೇ ಬಿತ್ತು.
'ಹೋದ ವರ್ಷ ಇಲ್ಲಿ ಎದ್ದು ನಿಂತದ್ದು ನಾನು, ತಾರಾಮತಿ.'
ಅಷ್ಟೇ ಅಂದರು.

ಹೊರಗೆ ಬಸ್‌ಸ್ಟ್ಯಾಂಡಿನ ಎದುರು ಕರಿ ಈಶಾಡಿನ ಬುಟ್ಟಿಗಳು.
ಬುದವಂತಿಯ ತಾಯಿ ಮಾದಿ ನನ್ನ ಕಂಡು ಎದ್ದಳು,
ಕುತ್ತಿಗೆಯ ಮಣಿಸರ ಸರಿಮಾಡಿಕೊಳ್ಳುತ್ತ.
'ಅಕ್ಕೋರೆ, ನಮ್ಮ ಶಾಲೆ ಎಷ್ಟನೇದು ಬಂತು?'
ಕೊನೆಯಿಂದ ಎರಡನೇದು.
ತುಸು ಯೋಚಿಸಿ ಅಂದಳು, 'ಹಂಗಾರೆ ನಮ್ಮ ಕೆಳಗೂ ಒಂದು ಅದೆ.'
ಎರಡು ಹಣ್ಣು ಮೂಸಿ ನೋಡಿ ಚೀಲಕ್ಕೆ ಹಾಕಿದಳು,
ದುಡ್ಡು ಒಂದರದ್ದು ಮಾತ್ರ ಇಟ್ಟುಕೊಂಡಳು.

ಜೂನ್ ಒಂದಕ್ಕೆ ಬೋಟುಗಳೆಲ್ಲ ದಡಕ್ಕೆ.
ಎರಡನೇ ಪರೀಕ್ಷೆಗೆ ಇನ್ನು ಹದಿಮೂರು ದಿನ.
ಕಡಲಿಗೆ ರಜೆ ಬಿದ್ದಾಗ ನಮ್ಮ ಶಾಲೆ ತುಂಬುತ್ತದೆ,
ಆ ಲೆಕ್ಕ ಹಿಡಿಯುವ ಗೋಡೆಯ ಬೆಳಕನ್ನು
ಮೇ ತಿಂಗಳಲ್ಲೇ ಆರಿಸಿಬಿಟ್ಟಿದ್ದಾರೆ.
ಬೆಳಿಗ್ಗೆ ಏಳಕ್ಕೆ ಬೀಗ ತೆಗೆದೆ.
ಇಪ್ಪತ್ತಮೂರರಲ್ಲಿ ಹದಿನೇಳು ಮಂದಿ.
ದತ್ತು ಇರಲಿಲ್ಲ.

ಏಳೂವರೆಗೆ ಬಂದ,
ಬಲೆ ಹೆಣೆಯುವ ಸೂಜಿ ಕಿವಿಗೆ ಸಿಕ್ಕಿಸಿಕೊಂಡು.
ಬಾಗಿಲಲ್ಲೇ ನಿಂತು ಕೇಳಿದ,
'ಎಕ್ಸ್ ಸಿಕ್ತಾ, ಅಕ್ಕೋರೆ?'

ಇನ್ನೂ ಇಲ್ಲ.
ಕೂತ್ಕೋ.